ಇನ್ನ ಸ್ವಲ್ಪ ಕನ್ನಡ ಮಾತಾಡ್ರಿ

"ಮೇಡಂ, ಇನ್ನ ಸ್ವಲ್ಪ ಕನ್ನಡ ಮಾತಾಡ್ರಿ." ವಿಶಾಖಪಟ್ಟಣದ ಬಂದರಿನ ಗೇಟಿನೆದುರು ಕಾರು ನಿಲ್ಲಿಸಿ ಚಾಲಕ ಹೀಗೆಂದಾಗ ನಾನು ತಬ್ಬಿಬ್ಬಾದೆ. ಅಲ್ಲಿಯವರೆಗೆ ಅವರು ಆಡಿದ್ದೆಲ್ಲ ತೆಲುಗೇ.

ವರ್ಗವಾಗಿ ವಿಜಯವಾಡದ ಬ್ಯಾಂಕಿಗೆ ಬಂದ ನಾನು ಅಲ್ಲಿ ಒಂಟಿ. ವಿಶಾಖಪಟ್ಟಣದಿಂದ ಚೆನ್ನೈಗೆ ಹೋಗುವ ಪ್ರವಾಸಿ ಹಡಗಿನಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಹೊರಡುವುದಿತ್ತು. ಕೊನೆ ಗಳಿಗೆಯಲ್ಲಿ ಅವರು ಬರಲಿಲ್ಲ. ಹಡಗು ಹೊರಡುವ ಹಿಂದಿನ ದಿನವೇ ರೈಲಿನಲ್ಲಿ ಬಂದು, ಇಬ್ಬರಿಗೆಂದು ಗೊತ್ತುಮಾಡಿದ್ದ ಹೋಟೆಲ್ ಕೋಣೆಯಲ್ಲಿ ಒಬ್ಬಳೇ ತಂಗಿದೆ. ಬೆಳಿಗ್ಗೆ ಬಂದರಿಗೆ ಹೋಟೆಲಿನವರೇ ಈ ಕಾರು ಮಾಡಿಕೊಟ್ಟಿದ್ದರು. ದಾರಿಯಲ್ಲಿ ಹುಬ್ಬಳ್ಳಿಯ ಅಕ್ಕನಿಗೆ ಫೋನ್ ಮಾಡಿದ್ದನ್ನು ಚಾಲಕ ಕೇಳಿಸಿಕೊಂಡಿದ್ದರು.

"ನಮ್ಮಮ್ಮಂದು ಬಳ್ಳಾರಿ. ನಾನು ಹುಟ್ಟಿದ್ದು ಇಲ್ಲೇ, ಗಾಜುವಾಕದಾಗ. ಅಮ್ಮ ಹೋದ್ಮೇಲೆ ಮನೀಲಿ ಈ ಮಾತು ಇಲ್ಲಂಡಿ," ಎಂದರು. ವಯಸ್ಸು ಐವತ್ತು ದಾಟಿರಬಹುದು.

ಏನು ಮಾತಾಡುವುದೋ ತೋಚದೆ, "ನಾಷ್ಟಾ ಆತೇನ್ರಿ?" ಎಂದೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಹೋಟೆಲಿನ ಉಪ್ಪಿಲ್ಲದ ಉಪ್ಪಿಟ್ಟಿನ ಬಗ್ಗೆ, ಬಾರದ ಸಹೋದ್ಯೋಗಿಯ ಬಗ್ಗೆ, ಒಬ್ಬಳೇ ಹಡಗು ಹತ್ತುವ ಅಂಜಿಕೆಯ ಬಗ್ಗೆ ಹೇಳುತ್ತಲೇ ಹೋದೆ. ಅಕ್ಕನಿಗೂ ಇಷ್ಟು ಹೇಳಿರಲಿಲ್ಲ. ಅವರು ಬರೀ ಹೂಂಗುಟ್ಟಿದರು. ಕಾವಲುಗಾರ ಬಂದು ಕಾರು ತೆಗೆಯಲು ಹೇಳಿದಾಗ ಕೈಮುಗಿದು ನನ್ನ ಪೆಟ್ಟಿಗೆ ಇಳಿಸಿಕೊಟ್ಟರು.

ಅವರಿಗಾಗಿ ಮಾತಾಡಿದೆ ಎಂದುಕೊಂಡೇ ಹಡಗು ಹತ್ತಿದೆ. ಪ್ರವಾಸ ಮುಗಿಸಿ ಬಂದು ವಿಜಯವಾಡದ ಮನೆಯ ಬೀಗ ತೆಗೆಯುವಾಗ ಹೊಳೆಯಿತು: ಎದುರಿಗಿದ್ದವರೊಬ್ಬರೊಡನೆ ನಾನು ಕನ್ನಡ ಆಡಿ ವರ್ಷವೇ ಆಗಿತ್ತು.