ಮಧ್ಯಾಹ್ನ ಯಾರೂ ಎಣಿಸಲಿಲ್ಲ

ಅವ್ವನ ಬಲಹುಬ್ಬಿನ ಮೇಲೆ ಯಾವಾಗಲೂ ಜೋಳದ ಹಿಟ್ಟು. ರೊಟ್ಟಿ ಬಡಿಯುತ್ತ ಬಡಿಯುತ್ತ ಮಣಿಕಟ್ಟಿನಿಂದ ಬೆವರು ಒರೆಸಿಕೊಳ್ಳುತ್ತಿದ್ದುದರಿಂದ ಒಂದು ಹುಬ್ಬು ಬೆಳ್ಳಗೆ, ಇನ್ನೊಂದು ಕರ್ರಗೆ ಕಾಣುತ್ತಿತ್ತು. ಯಾರಾದರೂ ನಕ್ಕರೆ, "ನಗ್ರಿ ನಗ್ರಿ, ಇದ ಹಿಟ್ಟು ನಿಮ್ಮ ಹೊಟ್ಟಿಗೆ ಹೋಗೂದು" ಎನ್ನುತ್ತಿದ್ದಳು.

ಬಾಲಾನಗರದ ಚೌಕದಲ್ಲಿ, ತಗಡಿನ ಮಾಡಿನ ಕೆಳಗೆ ಆಕೆಯ ಖಾನಾವಳಿ. ಹೈದರಾಬಾದು ಆಂಧ್ರದ ರಾಜಧಾನಿಯಾಗಿದ್ದ ಕಾಲ ಅದು. ರಾಯಚೂರಿನ ಕಡೆಯಿಂದ ಬಂದ ನಾನು ರಸ್ತೆಗಳ ಕಚೇರಿಯೊಂದರಲ್ಲಿ ಆಗತಾನೇ ಕಿರಿಯ ಇಂಜಿನಿಯರ್ ಆಗಿ ಸೇರಿದ್ದೆ; ಹತ್ತಿರದಲ್ಲೇ ಒಂದು ಬಾಡಿಗೆ ಕೋಣೆ. ಸುತ್ತಲಿನ ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದ ನಮ್ಮ ಕಡೆಯವರಿಗೆಲ್ಲ ಆಕೆ ಅವ್ವ, ಹಾಗಾಗಿ ನನಗೂ ಅವ್ವ. ಆಕೆಗೆ ನಾವೆಲ್ಲ ತಮ್ಮ. ಕಲಬುರ್ಗಿ ಕಡೆಯವಳು, ಗಂಡ ಸತ್ತ ಮೇಲೆ ಒಬ್ಬಳೇ ಒಲೆ ಹೂಡಿ ಬದುಕು ಕಟ್ಟಿಕೊಂಡವಳು. ತರಕಾರಿಯವಳ ಜೊತೆ ತೆಲುಗಿನಲ್ಲಿ ಜಗಳ, ಲಾರಿ ಡ್ರೈವರುಗಳ ಜೊತೆ ಹಿಂದಿಯಲ್ಲಿ ಚೇಷ್ಟೆ, ನಮ್ಮ ಜೊತೆ ಕನ್ನಡದಲ್ಲಿ ಬೈಗುಳ. ಮೂರೂ ಭಾಷೆ ನೀರು ಕುಡಿದಷ್ಟು ಸಲೀಸು.

ಯಾರಾದರೂ ನಿಂತುಕೊಂಡು ಉಂಡರೆ ಆಕೆಗೆ ಸಹನೆಯಾಗುತ್ತಿರಲಿಲ್ಲ. "ಕುತ್ಕೊಂಡು ಉಣ್ಣೋ, ಯಾರು ಬೆನ್ನು ಹತ್ಯಾರ ನಿನಗ?" ಎಂದು ಬೆಂಚಿನ ಮೇಲೆ ಕೂರಿಸುತ್ತಿದ್ದಳು. ನನಗೆ ಕಾಮಾಲೆ ಆದಾಗ ಇಪ್ಪತ್ತು ದಿನ ಎಣ್ಣೆಯಿಲ್ಲದ ಅಡಿಗೆ ಬೇರೆ ಮಾಡಿ, ತಾನೇ ಕೋಣೆಗೆ ತಂದು ಕೊಟ್ಟಳು. ನನಗೆ ಹುಷಾರಾಯಿತು, ನಾಳೆಯಿಂದ ಪಲ್ಯ ತಿನ್ನುತ್ತೇನೆ ಎಂದರೆ, "ನೀ ಡಾಕ್ಟರ್ ಇದ್ದೀಯೋ ಇಂಜಿನೀರ್ ಇದ್ದೀಯೋ?" ಎಂದು ಗದರಿದಳು. ನಾನು ಆಕೆಗೆ ಮಾಡಿದ್ದನ್ನು ಬರೆಯುವ ಮೊದಲು ಇದನ್ನು ಬರೆಯಲೇಬೇಕು.

ಚೌಕ ಆಗ ದಿನದಿನಕ್ಕೆ ಹದಗೆಡುತ್ತಿತ್ತು. ಲಾರಿ, ಬಸ್ಸು, ಆಟೋ, ಸೈಕಲ್ಲು ಎಲ್ಲ ಒಂದೇ ಕಡೆ ಮೂತಿ ತೂರಿಸಿ ನಿಲ್ಲುತ್ತಿದ್ದವು. ನಮ್ಮ ಕಚೇರಿ ಅದನ್ನು ಸುಧಾರಿಸಲು ಹೊರಟಿತು. ರಸ್ತೆ ಅಗಲ ಮಾಡುವುದು, ಸಿಗ್ನಲ್ ಹಾಕುವುದು, ನಡುವೆ ಕಬ್ಬಿಣದ ಬೇಲಿಯ ಡಿವೈಡರ್ ಕಟ್ಟುವುದು. ಇದಕ್ಕೆ ಯಾರ ತಕರಾರೂ ಇರಲಿಲ್ಲ. ಜನರ ಚಿಂತೆ ಒಂದೇ: ಖಾನಾವಳಿಯ ಎದುರು ಡಿವೈಡರಿನಲ್ಲಿ ದಾಟಲು ಒಂದು ಕಂಡಿ ಬಿಡುತ್ತಾರೋ ಇಲ್ಲವೋ. ಕಾರ್ಖಾನೆಗಳಿದ್ದದ್ದು ರಸ್ತೆಯ ಆಚೆ. ಖಾನಾವಳಿ, ಔಷಧಿ ಅಂಗಡಿ, ಬಸ್ ನಿಲ್ದಾಣ ಈಚೆ. ಮಧ್ಯಾಹ್ನ ಸೈರನ್ ಆದೊಡನೆ ಜನ ಹಿಂಡು ಹಿಂಡಾಗಿ ದಾಟುತ್ತಿದ್ದರು. ಆಚೆಯ ಪ್ಯಾಕಿಂಗ್ ಕೆಲಸದ ಹೆಂಗಸರಿಗೆ ಊಟಕ್ಕೆ ಅರ್ಧ ತಾಸು ಮಾತ್ರ. ಅವರಿಗೆಂದು ಅವ್ವ ತಾನೇ ರೊಟ್ಟಿ ಬುಟ್ಟಿ ಹೊತ್ತು ಗೇಟಿಗೆ ಮುಟ್ಟಿಸಿ ಬರುತ್ತಿದ್ದಳು. ಕಂಡಿ ಇಲ್ಲದಿದ್ದರೆ ಎಲ್ಲರೂ ಮುಂದಿನ ಸಿಗ್ನಲ್ಲಿನವರೆಗೆ ಹೋಗಿ ಸುತ್ತಿ ಬರಬೇಕು.

ದಾಟುವವರನ್ನು ಎಣಿಸಿ ಆಮೇಲೆ ತೀರ್ಮಾನಿಸುವುದು ಪದ್ಧತಿ. ಆ ಎಣಿಕೆ ನನ್ನ ಪಾಲಿಗೆ ಬಂತು. ದಿನಗೂಲಿಯ ಇಬ್ಬರನ್ನು ಕಟ್ಟಿಕೊಂಡು ಬೆಳಗಿನಿಂದ ಬಿಸಿಲಲ್ಲಿ ನಿಂತು ಹಾಳೆಯ ಮೇಲೆ ಗೀಟು ಎಳೆದೆವು. ನಾಲ್ಕು ಗೀಟು, ಅವುಗಳ ಮೇಲೊಂದು ಅಡ್ಡಗೀಟು. ಸೈರನ್ನಿನ ಹೊತ್ತಿಗೆ ಮೂವರಿಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ಯಾರನ್ನು ಎಣಿಸಬೇಕಿತ್ತೋ ಅವರೊಂದಿಗೇ ನಾವೂ ರಸ್ತೆ ದಾಟಿ ಅವ್ವನ ಬೆಂಚಿನ ಮೇಲೆ ಕೂತೆವು. ಗೇಟಿಗೆ ಬುಟ್ಟಿ ಮುಟ್ಟಿಸಿ ಆಗತಾನೇ ಮರಳಿದ್ದ ಅವ್ವ, "ಎಣಿಸೂದು ಮುಗೀತೇನೋ ತಮ್ಮಾ?" ಎನ್ನುತ್ತ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಒಂದು ತಾಸು ಆರಾಮಾಗಿ ಉಂಡೆವು. ಮಧ್ಯಾಹ್ನದ ಕಾಲಂ ಖಾಲಿ ಉಳಿಯಿತು. ಸಂಜೆ ಕಚೇರಿಯಲ್ಲಿ ಕೂತು, ಮನಸ್ಸಿಗೆ ತೋಚಿದ ಸಣ್ಣ ಅಂಕಿ ಹಾಕಿ ಅದನ್ನು ತುಂಬಿದೆ. ಇನ್ನೊಂದು ದಿನ ಬಂದು ಎಣಿಸಬಹುದಿತ್ತು. ಮೇಲಿನವರು ಅವಸರ ಮಾಡುತ್ತಿದ್ದರು, ನಿಜ. ಸೋಮಾರಿತನ ಮಾತ್ರ ನನ್ನದೇ.

ಆಮೇಲೆ ಜನರ ಅಹವಾಲು ಕೇಳಲು ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಸಭೆ ಕರೆದರು. ಅದೂ ಕೆಲಸದ ದಿನ ಬೆಳಿಗ್ಗೆ. ನಮ್ಮ ಕಡೆಯವರೆಲ್ಲ ಕಾರ್ಖಾನೆಯೊಳಗಿದ್ದರು. ನಮ್ಮ ದೊಡ್ಡ ಸಾಹೇಬರು ತೆಲುಗಿನಲ್ಲಿ ನಕ್ಷೆ ವಿವರಿಸಿ, ಮಧ್ಯಾಹ್ನ ದಾಟುವವರು ತೀರ ಕಡಿಮೆ, ಕಂಡಿಯ ಅಗತ್ಯವಿಲ್ಲ ಎಂದರು. ಜನ ಗೊಣಗಿದರು. ಅವ್ವ ಎದ್ದು ನಿಂತು, ನನ್ನ ಕಡೆಗೇ ನೋಡುತ್ತ, ಕನ್ನಡದಲ್ಲಿ ಕೇಳಿದಳು:

"ಸಾಹೇಬ್ರ, ಮಧ್ಯಾಹ್ನ ಮಂದೀನ್ನ ಎಣಿಸೀರೇನ್ರಿ?"

"ಏಮಂಟುಂದಿ?" ಏನನ್ನುತ್ತಾಳೆ ಆಕೆ ಎಂದು ದೊಡ್ಡ ಸಾಹೇಬರು ನನ್ನನ್ನು ಕೇಳಿದರು.

ಹೋಟೆಲಿನ ವ್ಯಾಪಾರ ಕಡಿಮೆಯಾದೀತೆಂದು ಚಿಂತೆ ಆಕೆಗೆ ಎಂದು ತೆಲುಗಿನಲ್ಲಿ ಹೇಳಿದೆ. ಮುಂದಿನ ಸಾಲಿನವರು ನಕ್ಕರು. ಆಮೇಲೆ ಅವ್ವನ ಕಡೆ ತಿರುಗಿ, "ಎಣಿಸೀವ್ರಿ" ಎಂದೆ.

"ಎಣಿಸೀರಿ? ಆತು ಬಿಡ್ರಿ" ಎಂದು ಕೂತುಬಿಟ್ಟಳು.

ಆಕೆಗೆ ಮೋಸ ಮಾಡಿದೆನೆಂಬುದು ಗೊತ್ತೇ ಇತ್ತು. ಆಕೆ ನನಗಾಗಿ ಏನು ಮಾಡಿದಳೆಂಬುದು ಕೋಣೆಗೆ ಬಂದು ಬೂಟು ಬಿಚ್ಚುವಾಗ ಹೊಳೆಯಿತು. ತೆಲುಗು ಬಾರದವಳಲ್ಲ. ಇಡೀ ಸಭೆಗೆ ತಿಳಿಯುವಂತೆ ಕೇಳಬಹುದಿತ್ತು. ಆ ಹೊತ್ತಿನಲ್ಲಿ ಇವರು ನನ್ನ ಬೆಂಚಿನ ಮೇಲೆ ಕೂತು ಉಣ್ಣುತ್ತಿದ್ದರು, ನಾನೇ ಬಡಿಸಿದ್ದೇನೆ ಎಂದು ಸಾರಿಬಿಡಬಹುದಿತ್ತು. ನನ್ನೊಬ್ಬನಿಗೇ ತಿಳಿಯಲಿ, ನಾನೇ ತಿದ್ದಿಕೊಳ್ಳಲಿ ಎಂದು ಕನ್ನಡದಲ್ಲಿ ಕೇಳಿದ್ದಳು. ತೆಲುಗಿನಲ್ಲಿ ಆಕೆಯ ಬಗ್ಗೆ ನಾನು ಹೇಳಿದ್ದೂ ಆಕೆಗೆ ಪೂರಾ ಅರ್ಥವಾಗಿತ್ತು. ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಆದರೂ ಮರುದಿನ ಕಚೇರಿಗೆ ಹೋಗಿ ನಿಜ ಹೇಳಲಿಲ್ಲ.

ಊಟಕ್ಕೆ ಮಾತ್ರ ಹೋದೆ. ಹೋಗದಿದ್ದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂಬ ಭಯ. ರೊಟ್ಟಿ ಎಂದಿನಷ್ಟೇ ಬಿಸಿಯಾಗಿತ್ತು. "ಇನ್ನೊಂದು ಹಾಕ್ಲೇನ್ರಿ, ಸಾಹೇಬ್ರ?" ಎಂದಳು. ಅಂದಿನಿಂದ ಪಕ್ಕದಲ್ಲಿ ಕೂತವನು ತಮ್ಮ, ನಾನು ಸಾಹೇಬ್ರ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮಳೆಗಾಲಕ್ಕೆ ಮುಂಚೆ ಬೇಲಿ ಬಂತು. ವಾಹನಗಳು ಸರಾಗವಾಗಿ ಓಡಿದವು, ಕಚೇರಿಗೆ ಹೊಗಳಿಕೆಯೂ ಬಂತು. ಅವ್ವ ಕೆಲವು ವಾರ ಬುಟ್ಟಿ ಹೊತ್ತು ಸುತ್ತು ಹಾಕಿ ನೋಡಿದಳು. ಆಕೆ ಮರಳುವವರೆಗೆ ಇಲ್ಲಿ ಒಲೆ ನೋಡುವವರಿರಲಿಲ್ಲ, ಈಚೆ ಬಂದ ಗಿರಾಕಿಗಳು ಕಾದು ಕಾದು ಏಳುತ್ತಿದ್ದರು. ಒಂದು ದಿನ ಉಳಿದವರಂತೆ ಆಕೆಯೂ ಸೀರೆ ಎತ್ತಿ ಕಟ್ಟಿ ಬೇಲಿ ಹತ್ತಿದಳು. ಇಳಿಯುವಾಗ ಬಿದ್ದು ತೊಡೆಯ ಮೂಳೆ ಮುರಿಯಿತು.

ಎಲ್ಲ ಹೇಳಿಬಿಡಬೇಕೆಂದೇ ಆಸ್ಪತ್ರೆಗೆ ಹೋದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ನನ್ನನ್ನು ನೋಡಿದ್ದೇ ತಡ, "ಬರ್ರಿ ಸಾಹೇಬ್ರ, ಕುಂದರ್ರಿ. ಊಟ ಎಲ್ಲಿ ಮಾಡಾಕತ್ತೀರಿ ಈಗ?" ಎಂದು ಕೇಳಿದಳು. ಮೋಸಂಬಿ ಚೀಲ ಮಂಚದ ಕೆಳಗಿಟ್ಟು, "ಭಾಳ ನೋಯಾಕತ್ತೈತೇನ್ರಿ ಅವ್ವಾ?" ಎಂದಷ್ಟೇ ಕೇಳಿ ಎದ್ದು ಬಂದೆ. ಖಾನಾವಳಿ ಮತ್ತೆ ತೆರೆಯಲಿಲ್ಲ. ಕಲಬುರ್ಗಿಯ ತಂಗಿಯ ಮನೆಗೆ ಹೋದ ಅವ್ವ ಹಾಸಿಗೆಯಿಂದ ಏಳಲೇ ಇಲ್ಲ. ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಕರ್ಮಾಂತರಗಳೂ ಮುಗಿದಿದ್ದವು.

ಅದಾದ ಮೇಲೆ ಕಾರ್ಮಿಕರು ಪಟ್ಟು ಹಿಡಿದು ಮತ್ತೊಮ್ಮೆ ಎಣಿಕೆ ಮಾಡಿಸಿದರು. ಈ ಸಲ ಬೇರೆಯವರು ಮಧ್ಯಾಹ್ನ ನಿಂತು ಎಣಿಸಿದರು. ಹಾಳೆ ಸಾಲದೆ ಹಿಂಬದಿಗೂ ಗೀಟು ಎಳೆದಿದ್ದರು. ನನ್ನ ಹಳೆಯ ಅಂಕಿಯ ಬಗ್ಗೆ ಯಾರೂ ಕೇಳಲಿಲ್ಲ. ಬೇಲಿ ಕತ್ತರಿಸಿ ಕಂಡಿ ಬಿಟ್ಟೆವು, ಬಿಳಿ ಪಟ್ಟೆ ಬಳಿದೆವು, ದಾಟುವವರಿಗೆಂದೇ ಒಂದು ಸಿಗ್ನಲ್ ನಿಲ್ಲಿಸಿದೆವು. ಕೆಲಸದ ಉಸ್ತುವಾರಿ ನನಗೇ ಬಂತು. ಕಂಡಿ ತೆರೆದ ದಿನ ಪ್ಯಾಕಿಂಗ್ ಹೆಂಗಸರು ಚೆಂಡುಹೂವಿನ ಹಾರ ತಂದು ನನ್ನ ಕೊರಳಿಗೆ ಹಾಕಿದರು. ಅವರಲ್ಲಿ ಹಿರಿಯಳೊಬ್ಬಳು ಕಣ್ಣೊರೆಸಿಕೊಳ್ಳುತ್ತ, ಅವ್ವ ಇದ್ದಿದ್ದರೆ ಈ ಹಾರ ಅವಳೇ ಹಾಕುತ್ತಿದ್ದಳು, ನೀವು ಅವಳ ಕೈಯ ಊಟ ಉಂಡವರಲ್ಲವೇ ಎಂದು ಹಿಂದಿಯಲ್ಲಿ ಕೇಳಿದಳು.

ಹೌದು ಎಂದೆ. ಹಾರ ಸರಿಮಾಡಿಕೊಂಡು ಫೋಟೋಗೆ ನಿಂತೆ.