ಹದಿನಾಲ್ಕು ಹೆಜ್ಜೆ, ಒಂದು ಡಜನ್ ಬಳೆ

ಊರು ಬದಲಿಸಿ ಬ್ಯಾಲಂಟೈನಿನ ಈ ಮನೆಗೆ ಬಂದು ಎರಡು ವರ್ಷವಾದರೂ ಬಿಚ್ಚದೆ ಉಳಿದಿದ್ದ ಒಂದು ಡಬ್ಬವನ್ನು ಮೊನ್ನೆ ಗರಾಜಿನಿಂದ ಎತ್ತಿದೆ. ಒಳಗೆ ಏನೋ ಝಲ್ ಎಂದಿತು. ಡಬ್ಬವನ್ನು ಅಲ್ಲೇ ಕೆಳಗಿಟ್ಟು ಬಿಚ್ಚಿದೆ. ಹಳೆಯ ಸ್ವೆಟರಿನ ತೋಳಿನೊಳಗೆ ಸುತ್ತಿಟ್ಟ ಹಸಿರು ಗಾಜಿನ ಬಳೆಗಳು. ಎಣಿಸಿದೆ, ಹನ್ನೊಂದು. ಹನ್ನೆರಡನೆಯದು ಎಲ್ಲಿ ಒಡೆಯಿತು ಅಂತ ನನಗೆ ಚೆನ್ನಾಗಿ ಗೊತ್ತು.

ನಾನು ಬಳೆ ತೊಡುವವಳೇ ಅಲ್ಲ. ಮದುವೆಯಲ್ಲಿ ಅಮ್ಮ ಕೂಗಾಡಿ ತೊಡಿಸಿದ್ದನ್ನು ವಾರದೊಳಗೆ ಬಿಚ್ಚಿಟ್ಟವಳು. ಈ ಬಳೆಗಳನ್ನು ಕೊಟ್ಟವರು ಅಮ್ಮನೂ ಅಲ್ಲ, ಅತ್ತೆಯೂ ಅಲ್ಲ. ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ನಮ್ಮ ಗೋಡೆಗಂಟಿದ ಪಕ್ಕದ ಮನೆಯಲ್ಲಿದ್ದ ಡಾಕ್ಟರ್ ಅಂಕಲ್. ಅದೂ ನನ್ನ ಕೈಗೆ ಅಂದವಾಗಿರಲಿ ಅಂತಲ್ಲ, ತಮ್ಮ ಕಣ್ಣಿನ ಬದಲಿಗೆ ಇರಲಿ ಅಂತ.

ಅವರು ಅಮೆರಿಕಕ್ಕೆ ಬಂದದ್ದು ನಾನು ಹುಟ್ಟುವ ಮುಂಚೆ. ನಲವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಯಾರಿಗೆ ಕ್ಯಾನ್ಸರ್ ಇದೆ ಯಾರಿಗೆ ಇಲ್ಲ ಅಂತ ಹೇಳಿದವರು. ನಿವೃತ್ತರಾದ ಮೇಲೆ ವಾಷಿಂಗ್ಟನ್ನಿನ ಒಂದು ದೊಡ್ಡ ಚಿತ್ರಶಾಲೆಯಲ್ಲಿ ಸ್ವಯಂಸೇವಕ ಗೈಡ್ ಆದರು. ಅವರ ಹೆಂಡತಿ ತೀರಿಕೊಂಡ ಮೇಲಂತೂ ಅದೇ ಅವರ ಮನೆ. ತಿಂಗಳಿಗೊಂದು ಭಾನುವಾರ ನಮ್ಮ ಕನ್ನಡದವರಿಗಾಗಿ ಕನ್ನಡದಲ್ಲೇ ಒಂದು ಸುತ್ತು. ಅದಕ್ಕೆ ಅವರು ಇಟ್ಟ ಹೆಸರು 'ವೆನಿಸ್ ಪ್ರದಕ್ಷಿಣೆ'.

ಚಿತ್ರಶಾಲೆಯ ಆರು ಕೋಣೆಗಳೇ ಅವರಿಗೆ ವೆನಿಸ್ ನಗರ. ಮೊದಲ ಬಾಗಿಲಲ್ಲಿ ನಿಂತು, "ಹುಷಾರು, ದೋಣಿ ಅಲ್ಲಾಡ್ತಿದೆ, ಸೀರೆ ನೆರಿಗೆ ಎತ್ಕೊಂಡು ಇಳೀರಿ" ಎನ್ನುತ್ತಿದ್ದರು. ಜೀನ್ಸ್ ಹಾಕಿದ ಹೆಂಗಸರೂ ನೆರಿಗೆ ಎತ್ತಿದ ಹಾಗೆ ಮಾಡಿ ಒಳಗೆ ಬರುತ್ತಿದ್ದರು! ಆಮೇಲೆ ಇಬ್ಬರು ಚಿತ್ರಕಾರರ ಜಗಳ. ಇಟಲಿಯ ಹೆಸರು ನಮ್ಮ ಬಾಯಲ್ಲಿ ನಿಲ್ಲುವುದಿಲ್ಲ ಅಂತ ಒಬ್ಬರಿಗೆ 'ಯಜಮಾನರು', ಇನ್ನೊಬ್ಬನಿಗೆ 'ಬಣ್ಣಗಾರನ ಮಗ' ಅಂತ ಹೆಸರಿಟ್ಟಿದ್ದರು. ಬಟ್ಟೆಗೆ ಬಣ್ಣ ಹಾಕುವವನ ಮಗ ಯಜಮಾನರ ಹತ್ತಿರ ಕಲಿಯಲು ಬಂದನಂತೆ. ಅವನ ಕೈಚಳಕ ನೋಡಿ ಹೊಟ್ಟೆಯುರಿದು ಯಜಮಾನರು ಹತ್ತೇ ದಿನಕ್ಕೆ ಓಡಿಸಿದರಂತೆ. ಅಲ್ಲಿಂದ ಒಂದೇ ಊರಿನಲ್ಲಿ ಇಬ್ಬರಿಗೂ ಜೀವಮಾನದ ಹಟ.

ಅಂಕಲ್ ಯಜಮಾನರ ಕಡೆ. ಬಣ್ಣಗಾರನ ಮಗನನ್ನು ಕಂಡರೆ ಅವರಿಗೆ ಆಗದು. ಒಂದು ಚಾವಣಿ ಚಿತ್ರದ ಸ್ಪರ್ಧೆಗೆ ಎಲ್ಲರೂ ಬರೀ ಕರಡು ತಂದರೆ ಇವನು ಪೂರ್ತಿ ಚಿತ್ರವನ್ನೇ ಬರೆದು ಚಾವಣಿಗೆ ಏರಿಸಿಬಿಟ್ಟ ಕಳ್ಳ ಎಂದು ಬೈಯುತ್ತಿದ್ದರು. ಆ ಕಳ್ಳನ ಪರ ವಕಾಲತ್ತು ವಹಿಸಲು ಹತ್ತಿರದ ರೆಸ್ಟನ್ ಊರಿನಿಂದ ಒಬ್ಬರು ಆಂಟಿ ತಪ್ಪದೆ ಬರುತ್ತಿದ್ದರು. ನಿವೃತ್ತ ರಸಾಯನಶಾಸ್ತ್ರಜ್ಞೆ, ಬಾಯಿ ಬಿಟ್ಟರೆ ಅರ್ಧ ಇಂಗ್ಲಿಷ್. "ಡಾಕ್ಟ್ರೇ, ದಟ್ ಈಸ್ ಸೋ ಅನ್‌ಫೇರ್, ನಿಮ್ಮ ಯಜಮಾನ್ರು ಇನ್‌ಸೆಕ್ಯೂರ್ ಆಗಿದ್ರು ಅಷ್ಟೆ" ಎಂದು ಶುರು ಮಾಡಿದರೆ ಮುಗಿಯಿತು, ಇಬ್ಬರೂ ಹಾವು ಮುಂಗುಸಿ. ನಾವು ಅರ್ಧ ಜನ ಹೋಗುತ್ತಿದ್ದದ್ದೇ ಆ ಜಗಳ ನೋಡುವುದಕ್ಕೆ.

ಕೊರೊನಾ ಸ್ವಲ್ಪ ತಗ್ಗಿ ಚಿತ್ರಶಾಲೆ ಮತ್ತೆ ತೆರೆದ ಮೇಲೆ ಒಂದು ಬೆಳಿಗ್ಗೆ ಅಂಕಲ್ ಮನೆಗೆ ಹೋಗಿದ್ದೆ. ನನಗೆ ಕಾಫಿ ಬಗ್ಗಿಸಿದರು. ಕಾಫಿಯೆಲ್ಲ ಲೋಟದ ಪಕ್ಕಕ್ಕೆ ಹೋಯಿತು. ನಾನು ಬಟ್ಟೆ ತಂದು ಮೇಜು ಒರೆಸಿದೆ.

"ನೇರ ನೋಡಿದ್ರೆ ನಿನ್ನ ಮುಖ ಇಲ್ಲಮ್ಮ," ಎಂದರು. "ನಡುವೆ ಬರೀ ಮಸಿ. ಅಂಚಲ್ಲಿ ನಿನ್ನ ಕಿವಿ ಕಾಣ್ತಿದೆ, ಅಷ್ಟೆ. ಯಾರಿಗೂ ಹೇಳ್ಬೇಡ. ಹೇಳಿದ್ರೆ ಚಿತ್ರಶಾಲೆಯೋರು ಬ್ಯಾಡ್ಜ್ ಕಿತ್ಕೋತಾರೆ. ಆಮೇಲೆ ನಾನು ಯಾತಕ್ಕೆ ಏಳ್ಲಿ ಬೆಳಿಗ್ಗೆ?"

ಹಾಗೆ ನಾನು ಅವರ ಗುಟ್ಟಿನೊಳಗೆ ಸೇರಿಕೊಂಡೆ. ಚಿತ್ರಗಳೆಲ್ಲ ಅವರಿಗೆ ಬಾಯಿಪಾಠ, ಎಲ್ಲಿ ನಿಲ್ಲಬೇಕು ಅನ್ನುವುದೇ ಕಷ್ಟ. ಅದಕ್ಕೆ ಹೆಜ್ಜೆ ಲೆಕ್ಕ ಇಟ್ಟುಕೊಂಡರು. ನಾಲ್ಕನೆಯ ಕೋಣೆಯ ಬಾಗಿಲಿನಿಂದ ಹದಿನಾಲ್ಕು ಹೆಜ್ಜೆ, ಬಲಕ್ಕೆ ತಿರುಗಿದರೆ ಯಜಮಾನರ 'ಕನ್ನಡಿ ನೋಡುವ ಹೆಂಗಸು'. ಹೆಜ್ಜೆ ತಪ್ಪಿದರೆ ನಾನು ಕೆಮ್ಮಬೇಕು ಅಂತ ಮೊದಲು ಮಾತಾಗಿತ್ತು. ಆ ದಿನಗಳಲ್ಲಿ ಕೆಮ್ಮಿದರೆ ಕೋಣೆಯೇ ಖಾಲಿಯಾಗುತ್ತಿತ್ತು! ಆಮೇಲೆ ಅವರೇ ಒಳಗೆ ಹೋಗಿ ತೀರಿಹೋದ ಹೆಂಡತಿಯ ಬೀರುವಿನಿಂದ ಈ ಬಳೆ ತಂದುಕೊಟ್ಟರು. ಒಂದು ಸಲ ಸದ್ದಾದರೆ ನಿಲ್ಲಿ, ಎರಡು ಸಲ ಅಂದರೆ ಎಡಕ್ಕೆ, ಮೂರು ಸಲ ಅಂದರೆ ಬಲಕ್ಕೆ. ಪ್ರದಕ್ಷಿಣೆಯ ಹಿಂದಿನ ದಿನ, ಶನಿವಾರ, ನಾನು ಚಿತ್ರಶಾಲೆಗೆ ಹೋಗಿ ಎಲ್ಲ ಇದ್ದಲ್ಲೇ ಇದೆಯೇ ಅಂತ ಒಂದು ಸುತ್ತು ನೋಡಿ ಬಂದು ಹೇಳಬೇಕು. ಇಷ್ಟೇ ನನ್ನ ಕೆಲಸ.

ಎಂಟು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ವಾರದ ನಡುವೆ, ನಾನಿಲ್ಲದ ದಿನ, ಅವರು ಹಗ್ಗದ ಬೇಲಿ ದಾಟಿ ಚಿತ್ರದ ತೀರಾ ಹತ್ತಿರ ಹೋಗಿ ಅಲಾರಂ ಕಿರುಚಿಕೊಂಡಿತು. ಗೈಡ್‌ಗಳ ಮೇಲ್ವಿಚಾರಕಿ, ಬಿಳಿ ಕೂದಲಿನ ಅಮೆರಿಕನ್ ಹೆಂಗಸು, ಮುಂದಿನ ಕನ್ನಡ ಸುತ್ತಿಗೆ ತಾವೂ ಜೊತೆಗೆ ಬರುವುದಾಗಿ ಹೇಳಿದರು. ಅವರು ಒಪ್ಪಿದರೆ ಬ್ಯಾಡ್ಜ್ ಇನ್ನೊಂದು ವರ್ಷ, ಇಲ್ಲದಿದ್ದರೆ ಅವತ್ತೇ ಕೊನೆ.

"ಪರೀಕ್ಷೆ ಕಣಮ್ಮ ನಂಗೆ, ಎಂಬತ್ತನೇ ವಯಸ್ಸಲ್ಲಿ," ಅಂದರು ಅಂಕಲ್. ನಗುತ್ತಲೇ ಅಂದರು. ಆದರೆ ಆ ವಾರವೆಲ್ಲ ಸಂಜೆ ಅವರ ಮನೆಯ ಹಾಲ್‌ನಲ್ಲಿ ಹೆಜ್ಜೆ ಎಣಿಸುವ ಸದ್ದು ಗೋಡೆಯಾಚೆಯಿಂದ ನಮಗೆ ಕೇಳುತ್ತಿತ್ತು... ಹನ್ನೆರಡು, ಹದಿಮೂರು, ಹದಿನಾಲ್ಕು.

ಆ ಶನಿವಾರ ನಾನು ಚಿತ್ರಶಾಲೆಗೆ ಹೋಗಲಿಲ್ಲ.

ದೊಡ್ಡ ಕಾರಣ ಏನಾದರೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಗೆಳತಿಯ ಸೀಮಂತ ಇತ್ತು. ಹೋಳಿಗೆ ಊಟ, ಹಾಡು, ಫೋಟೋ, ಮತ್ತೊಂದು ಫೋಟೋ. ಗಡಿಯಾರ ನೋಡಿದಾಗ ಚಿತ್ರಶಾಲೆ ಮುಚ್ಚುವ ಹೊತ್ತು. ಎಂಟು ತಿಂಗಳಿಂದ ಒಂದು ಚಿತ್ರವೂ ಅಲ್ಲಾಡಿಲ್ಲ, ಇವತ್ತೇ ಅಲ್ಲಾಡುತ್ತದೆಯೇ ಅಂದುಕೊಂಡು ಕಾರಿನಿಂದಲೇ ಫೋನ್ ಮಾಡಿದೆ. "ನೋಡ್ಕೊಂಡು ಬಂದೆ ಅಂಕಲ್. ಎಲ್ಲ ಇದ್ದಲ್ಲೇ ಇದೆ." ನಾಲಿಗೆ ಸ್ವಲ್ಪವೂ ತೊದಲಲಿಲ್ಲ. ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯ ಬರುವುದು ಅದಕ್ಕೇ.

ಭಾನುವಾರ ಹನ್ನೊಂದು ಗಂಟೆ. ಅಂಕಲ್ ಇಸ್ತ್ರಿ ಮಾಡಿದ ಕೋಟು, ಕೊರಳಲ್ಲಿ ಬ್ಯಾಡ್ಜ್. ನಾವು ಹದಿನೈದು ಜನ. ಮೇಲ್ವಿಚಾರಕಿ ಕೈಯಲ್ಲಿ ಪ್ಯಾಡ್ ಹಿಡಿದು ನನ್ನ ಪಕ್ಕದಲ್ಲೇ ಬಂದು ನಿಂತರು. ನನ್ನ ಬಳೆ ನೋಡಿ, ತುಂಬ ಚೆನ್ನಾಗಿವೆ ಎಂದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ, ನಾನು ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

ಮೂರು ಕೋಣೆ ಬೆಣ್ಣೆಯ ಹಾಗೆ ಜಾರಿದವು. ದೋಣಿ ಇಳಿದೆವು, ನೆರಿಗೆ ಎತ್ತಿದೆವು, ಹತ್ತು ದಿನಕ್ಕೆ ಹುಡುಗನನ್ನು ಓಡಿಸಿದೆವು. ನಾಲ್ಕನೆಯ ಕೋಣೆಗೆ ಅಂಕಲ್ ಮುಂದೆ ಹೋದರು. ಹದಿನಾಲ್ಕು ಹೆಜ್ಜೆ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಬಲಕ್ಕೆ ತಿರುಗಿದರು. ಗುಂಪಿನ ಹಿಂದೆ ಇದ್ದ ನಾನು ಆಗ ಒಳಗೆ ಬಂದು ಗೋಡೆ ನೋಡಿದೆ.

ಹೆಂಗಸು ಅಲ್ಲಿರಲಿಲ್ಲ. ಅದೇ ಅಳತೆಯ ಬಂಗಾರದ ಚೌಕಟ್ಟಿನಲ್ಲಿ ಕಪ್ಪು ಮೋಡ, ಸೀಳಿದ ಹಾಯಿ, ಮುಳುಗುತ್ತಿರುವ ದೋಣಿ. ಬಣ್ಣಗಾರನ ಮಗನ ಬಿರುಗಾಳಿ! ಹಿಂದೆ ಎಲ್ಲೋ ಆರನೆಯ ಕೋಣೆಯಲ್ಲಿದ್ದ ಚಿತ್ರ.

"ಈ ಕೆನ್ನೆ ನೋಡಿ," ಎಂದು ಅಂಕಲ್ ಬಿರುಗಾಳಿಗೆ ಕೈ ತೋರಿಸಿದರು. "ಯಜಮಾನ್ರು ಇಲ್ಲಿ ಕುಂಚ ಬಿಟ್ಟು ಬೆರಳಲ್ಲಿ ಬಣ್ಣ ಒರೆಸಿದಾರೆ. ವಯಸ್ಸಾದ ಮೇಲೆ ಬೆರಳಲ್ಲೇ ಬರೀತಿದ್ರಂತೆ."

 ಹದಿನೈದು ಜನರೂ ಬಿರುಗಾಳಿಯನ್ನೇ ನೋಡುತ್ತಿದ್ದರು. ಮೇಲ್ವಿಚಾರಕಿ ಚಿತ್ರವನ್ನೊಮ್ಮೆ, ಗಾಳಿಯಲ್ಲಿ ಕೆನ್ನೆ ಸವರುತ್ತಿದ್ದ ಅಂಕಲ್ ಕೈಯನ್ನೊಮ್ಮೆ ನೋಡಿದರು. ಅವರಿಗೆ ಕನ್ನಡ ಬಾರದು, ಅದೊಂದೇ ನಮಗಿದ್ದ ಆಸರೆ. ಆದರೆ ಮುಂದಿನ ವಾಕ್ಯ ನನಗೆ ಬಾಯಿಪಾಠವಾಗಿತ್ತು. ಕೆನ್ನೆ ಆದ ಮೇಲೆ ಕನ್ನಡಿ. ಅದನ್ನು ಅಂಕಲ್ ಎಂದೂ ಕನ್ನಡಿ ಅನ್ನುತ್ತಿರಲಿಲ್ಲ, 'ಮಿರರ್' ಅನ್ನುತ್ತಿದ್ದರು. ಆ ಒಂದು ಇಂಗ್ಲಿಷ್ ಪದ ಬಾಯಿಂದ ಬಿದ್ದರೆ ಸಾಕು, ಎಲ್ಲ ಮುಗಿಯಿತು.

ಬಳೆ ಅಲ್ಲಾಡಿಸಿದೆ. ಎರಡು ಸಲ ಆಯಿತೋ ಮೂರು ಸಲ ಆಯಿತೋ ನನಗೇ ಗೊತ್ತಿಲ್ಲ. ಪಾಪ, ಅಂಕಲ್ ಎಡಕ್ಕೆ ಒಂದು ಹೆಜ್ಜೆ ಇಟ್ಟರು, ಬಲಕ್ಕೆ ಬಂದರು, ಮತ್ತೆ ಎಡಕ್ಕೆ ಹೋದರು. ನಿಲ್ಲಿ, ಎಡಕ್ಕೆ, ಬಲಕ್ಕೆ ಇಷ್ಟಕ್ಕೇ ನಮ್ಮಲ್ಲಿ ಸದ್ದು ಇದ್ದದ್ದು. ಚಿತ್ರವೇ ಇಲ್ಲ ಅನ್ನುವುದಕ್ಕೆ ನಾವು ಏನನ್ನೂ ಗೊತ್ತು ಮಾಡಿಕೊಂಡಿರಲಿಲ್ಲ. ಕೈ ಬಾಗಿಲಿನ ಚೌಕಟ್ಟಿಗೆ ಬಡಿದು ಒಂದು ಬಳೆ ಒಡೆದು ಕಲ್ಲು ನೆಲಕ್ಕೆ ಬಿತ್ತು. ಅಂಕಲ್ ಮುಖ ಬಿಳಿಚಿಕೊಂಡಿತು. ಬಾಯಿ ತೆರೆದರು...

"ಡಾಕ್ಟ್ರೇ."

ರೆಸ್ಟನ್ ಆಂಟಿ. ಇಬ್ಬರನ್ನು ಸರಿಸಿಕೊಂಡು ಮುಂದೆ ಬಂದರು. ಮಾಸ್ಕ್ ಗಲ್ಲಕ್ಕೆ ಇಳಿಸಿದ ಮುಖದಲ್ಲಿ ಮದುವೆಮನೆಯ ನಗು. ಇವರು ಇವತ್ತೂ ಜಗಳಕ್ಕೆ ನಿಲ್ಲುತ್ತಾರಲ್ಲಪ್ಪ ಅಂತ ನನಗೆ ಅವರ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು.

"ನಗ್ತಾ ಕೇಳಿಸ್ಕೊಳ್ಳಿ," ಎಂದರು ಆಂಟಿ, ಏನೋ ಹೊಗಳುವವರ ಹಾಗೆ. "ನಿಮ್ಮ ಹೆಂಗಸನ್ನ ಇಲ್ಲಿಂದ ಎತ್ತಿಬಿಟ್ಟಿದಾರೆ. ನಿಮ್ಮ ಎದುರಿಗಿರೋದು ನಮ್ಮ ಹುಡುಗನ ಬಿರುಗಾಳಿ. ಎಡಗಡೆ ದಡ, ಬಲಗಡೆ ದೋಣಿ. ಗಾಬರಿ ಬೇಡ, ನಿಮ್ಮ ಕಣ್ಣಿನ ವಿಷಯ ನಮಗೆಲ್ಲ ಎಷ್ಟೋ ದಿನದಿಂದ ಗೊತ್ತು. ಆ ಬಿಳೀ ಕೂದಲಿನೋರಿಗೆ ಗೊತ್ತಿಲ್ಲ. ಹೇಳಿ, ಶುರು ಮಾಡಿ."

ಒಂದೇ ಒಂದು ಇಂಗ್ಲಿಷ್ ಪದ ಇರಲಿಲ್ಲ. ಅಂಥ ಕನ್ನಡ ಅವರ ಬಾಯಲ್ಲಿ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ನಮ್ಮಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದೆವು. ಮೇಲ್ವಿಚಾರಕಿಯೂ ಏನೂ ತಿಳಿಯದೆ ನಕ್ಕರು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾವಿಬ್ಬರೂ ಎಂಟು ತಿಂಗಳು ಗುಟ್ಟು ಕಾಪಾಡಿದ್ದೆವು. ಎಲ್ಲರಿಗೂ ಗೊತ್ತಿತ್ತಂತೆ. ಆ ಮಾತು ಅಂಕಲ್ ಮೈಯೊಳಗೆ ಇಳಿದದ್ದನ್ನು ನಾನು ನೋಡಿದೆ. ಭುಜ ಸ್ವಲ್ಪ ಕುಸಿಯಿತು. ಕೋಟಿನ ಗುಂಡಿಯನ್ನು ಒಮ್ಮೆ ಮುಟ್ಟಿಕೊಂಡರು. ಆಮೇಲೆ ಗೋಡೆಯ ಕಡೆ ತಿರುಗಿ, ಜೀವಮಾನವೆಲ್ಲ ಬೈದಿದ್ದ ಬಣ್ಣಗಾರನ ಮಗನ ಬಗ್ಗೆ ಮಾತಾಡಿದರು.

ಎಂಥ ಮಾತು ಅದು! ಗಾಳಿಗೆ ಬಾಗಿದ ಹಾಯಿಕಂಬ, ನೀರಿನ ಮೇಲಿನ ಸೀಸದ ಬಣ್ಣ, ದಡದಲ್ಲಿ ನಿಂತವನ ಚಾಚಿದ ಕೈ. ಎಂದೋ ಕಣ್ಣಿದ್ದಾಗ ನೋಡಿ ಒಳಗಿಟ್ಟುಕೊಂಡದ್ದನ್ನೆಲ್ಲ ಒಂದೊಂದಾಗಿ ತೆಗೆದು ನಮ್ಮ ಮುಂದೆ ಇಟ್ಟರು. ಕೊನೆಗೆ ಹೇಳಿದರು, ಮನೆಯಿಂದ ಓಡಿಸಿದ ಮೇಲೂ ಈ ಹುಡುಗ ತನ್ನ ಕೆಲಸದ ಕೋಣೆಯ ಗೋಡೆಯಲ್ಲಿ, ತನಗೆ ಬೇಕಾದ ಬಣ್ಣ ಯಜಮಾನರದ್ದೇ ಎಂದು ಬರೆದುಕೊಂಡಿದ್ದನಂತೆ. "ಯಜಮಾನ್ರು ಪ್ಲೇಗ್ ಬಂದ ವರ್ಷ ಹೋದ್ರು. ಇವನು ಅದೇ ಊರಲ್ಲೇ ಇದ್ದ. ಅತ್ತನೋ ಇಲ್ವೋ ಯಾರೂ ಬರೆದಿಟ್ಟಿಲ್ಲ. ಅತ್ತಿರ್ತಾನೆ ಅಂತ ನನಗೆ ಇವತ್ತು ಅನಿಸ್ತಿದೆ." ರೆಸ್ಟನ್ ಆಂಟಿ ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡರು.

ಮೇಲ್ವಿಚಾರಕಿ ಅಂಕಲ್ ಕೈ ಹಿಡಿದು, ತನಗೆ ಒಂದು ಅಕ್ಷರವೂ ತಿಳಿಯಲಿಲ್ಲ, ಆದರೂ ಇಷ್ಟು ಒಳ್ಳೆಯ ಸುತ್ತು ನೋಡಿಲ್ಲ ಎಂದರು. ಇನ್ನೊಂದು ವರ್ಷ. ಅಂಕಲ್ ಥ್ಯಾಂಕ್ಸ್ ಹೇಳಿದರು. ಆಮೇಲೆ ಕೊರಳಿನಿಂದ ಬ್ಯಾಡ್ಜ್ ತೆಗೆದು, ಅದರ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಮಡಿಸಿ, ಅವರ ಕೈಯಲ್ಲೇ ಇಟ್ಟುಬಿಟ್ಟರು.

ಇಬ್ಬರೂ ನನ್ನ ಕಾರಿನಲ್ಲಿ ಮನೆಗೆ ಹೊರಟೆವು. ಅರ್ಧ ದಾರಿಯಲ್ಲಿ ಅಂಕಲ್ ಕೇಳಿದರು, ಬಹಳ ಮೆಲ್ಲಗೆ. "ನಿನ್ನೆ ನೋಡ್ಕೊಂಡು ಬಂದೆ ಅಂದ್ಯಲ್ಲಮ್ಮ?"

ಆಗಲಾದರೂ ಹೇಳಬಹುದಿತ್ತು. "ನಿನ್ನೆ ಇತ್ತು ಅಂಕಲ್," ಎಂದೆ. "ಆಮೇಲೆ ತೆಗೆದಿರ್ಬೇಕು."

"ಹೌದಾ," ಎಂದರು. ಆಮೇಲೆ, "ಅಲ್ಲಿ ನಿಂತಾಗ ಅಂಚಲ್ಲೂ ಕಪ್ಪು ಕಾಣಿಸ್ತು. ಉಳಿದಿದ್ದ ಕಣ್ಣೂ ಹೋಯ್ತು ಅಂದ್ಕೊಂಡೆ ಕಣೆ. ಸದ್ಯ, ಚಿತ್ರವೇ ಕಪ್ಪಿತ್ತು" ಎಂದು ನಕ್ಕರು. ನಾನು ರಸ್ತೆ ನೋಡುತ್ತ ಡ್ರೈವ್ ಮಾಡಿದೆ.

ಬಳೆ ವಾಪಸು ಕೊಡಲು ಹೋದರೆ, ಇಟ್ಟುಕೋ ಅಂದರು. ಆಮೇಲೆ ಅವರು ಚಿತ್ರಶಾಲೆಗೆ ಹೋಗಲಿಲ್ಲ. ಗೋಡೆಯಾಚೆ ಹೆಜ್ಜೆ ಎಣಿಸುವ ಸದ್ದೂ ನಿಂತಿತು. ನಾವು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಅಂಕಲ್ ತೀರಿಕೊಂಡ ಸುದ್ದಿ ಗುಂಪಿನ ವಾಟ್ಸಾಪಿನಲ್ಲಿ ಬಂತು. ಹಾಕಿದವರು ರೆಸ್ಟನ್ ಆಂಟಿ, ಪೂರ್ತಿ ಇಂಗ್ಲಿಷಿನಲ್ಲಿ. ನಾನು ಕೈ ಮುಗಿದ ಇಮೋಜಿಯೊಂದನ್ನು ಹಾಕಿ ಫೋನ್ ಕೆಳಗಿಟ್ಟೆ.

ಮೊನ್ನೆ ಗರಾಜಿನಲ್ಲಿ ಹನ್ನೊಂದೂ ಬಳೆ ತೊಟ್ಟುಕೊಂಡೆ. ಕೈ ಸ್ವಲ್ಪ ದಪ್ಪವಾಗಿದೆ, ಸೋಪು ಹಚ್ಚಬೇಕಾಯಿತು. ಗೋಡೆಯ ಕಡೆ ಮುಖ ಮಾಡಿ ಕೈ ಅಲ್ಲಾಡಿಸಿದೆ. ಒಂದು ಸಲ ಅಂದರೆ ನಿಲ್ಲಿ ಅಂಕಲ್. ಎರಡು ಸಲ ಅಂದರೆ ಎಡಕ್ಕೆ. ಮೂರು ಸಲ ಅಂದರೆ ಬಲಕ್ಕೆ. ತಪ್ಪು ನನ್ನದು ಅನ್ನುವುದಕ್ಕೆ ಎಷ್ಟು ಸಲ ಅಂತ ನಾವು ಮಾತಾಡಿಕೊಂಡಿರಲಿಲ್ಲ. ಕೈ ನೋಯುವವರೆಗೂ ಅಲ್ಲಾಡಿಸುತ್ತಲೇ ಇದ್ದೆ.