ಮಗಳು ಒಯ್ದ ಮಾತು

ನಮ್ಮ ಮನೆಯಲ್ಲಿ ಜಗಳವೇ ಇಲ್ಲ ಎಂದು ಡೊಂಬಿವಲಿಯ ನಮ್ಮ ಬಿಲ್ಡಿಂಗಿನವರೆಲ್ಲ ಹೊಗಳುತ್ತಿದ್ದರು. ನಾನೂ ಬೀಗುತ್ತಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹೇಳಿಸಿಕೊಂಡೇ ಬೆಳೆದವರು ನಾವು ಗಂಡ ಹೆಂಡತಿ ಇಬ್ಬರೂ. ಸಿಟ್ಟು ಬಂದರೆ ಕೂಗಾಡುವುದಿಲ್ಲ, ಮಾತು ಬಿಡುತ್ತೇವೆ. ಎರಡೇ ಕೋಣೆಯ ಮನೆಯಲ್ಲಿ ಮಾತು ಬಿಟ್ಟು ಬದುಕುವುದು ಹೇಗೆ? ಅದಕ್ಕೆ ಒಂಬತ್ತು ವರ್ಷದ ಮಗಳಿದ್ದಳು. "ಅಪ್ಪನ ಹತ್ರ ಹೇಳು", "ಅಮ್ಮನ ಹತ್ರ ಹೇಳು." ನಾವು ಕನ್ನಡದಲ್ಲಿ ಹೇಳಿದ್ದನ್ನು ಅವಳು ಹಿಂದಿಯಲ್ಲಿ ಒಯ್ಯುತ್ತಿದ್ದಳು.

ಕಳೆದ ವರ್ಷ ಒಂದು ಭಾನುವಾರ. ಮಾತು ಬಿಟ್ಟು ಹನ್ನೊಂದನೆಯ ದಿನ. ಯಾಕೆ ಬಿಟ್ಟದ್ದೆಂದು ಈಗ ನೆನಪೂ ಇಲ್ಲ, ಅಷ್ಟು ದೊಡ್ಡ ವಿಷಯ! ಇವರು ಹೊರಗಿನ ಕೋಣೆಯಲ್ಲಿ ತಿಂಡಿಗೆ ಕೂತಿದ್ದರು. ನಾನು ನೀರುದೋಸೆ ಎರೆಯುತ್ತಾ ಮಗಳಿಗೆ ಹೇಳಿದೆ: "ಅಪ್ಪನ ಹತ್ರ ಹೇಳು, ನಂಗೆ ಸಾಕಾಯ್ತು. ನಾಳೆ ಟಿಟ್ವಾಳಾದ ಅಣ್ಣನ ಮನೆಗೆ ಹೋಗ್ತೇನೆ. ಇನ್ನು ಬರುದಿಲ್ಲ."

ಅವರ ಮುಖ ಹೇಗಾಗುತ್ತದೆಂದು ನೋಡುವ ಚಪಲ. ಬಾಗಿಲ ಮರೆಗೆ ಬಂದು ನಿಂತೆ.

"ಪಪ್ಪಾ, ಮಮ್ಮಿ ಪೂಛ್ ರಹೀ ಹೈ, ಔರ್ ಏಕ್ ದೋಸಾ ಚಾಹಿಯೇ?"

ಇನ್ನೊಂದು ದೋಸೆ ಬೇಕಾ ಎಂದು ನಾನು ಕೇಳಿದೆನಂತೆ! ಇವರು ತಲೆ ಎತ್ತದೆ, "ಅವಳ ದೋಸೆ ಅವಳೇ ತಿನ್ಲಿಕ್ಕೆ ಹೇಳು. ಅವಳ ಮುಖ ನೋಡುದು ಬೇಡ ಅಂತಲೇ ನಾನು ಹೋಟೆಲಲ್ಲಿ ಎರಡೆರಡು ಪಾಳಿ ಮಾಡುದು" ಎಂದರು.

ಮಗಳು ಒಳಗೆ ಓಡಿಬಂದಳು. ಮುಖದಲ್ಲಿ ನಗು. "ಪಪ್ಪಾ ಬೋಲೇ, ದೋಸಾ ಬಹುತ್ ಅಚ್ಛಾ ಹೈ." ದೋಸೆ ಬಹಳ ಚೆನ್ನಾಗಿದೆ ಅಂದರಂತೆ.

ನನಗೆ ಹೆದರಿಕೆಯಾಯಿತು. ಇವರ ಮೇಲಿನ ಸಿಟ್ಟು ಎಲ್ಲಿ ಹೋಯಿತೋ. ಹಾಗಾದರೆ ನನ್ನ ಹೊಸ ಸೀರೆ ಚಂದ ಕಾಣುತ್ತದೆ ಎಂದು ಇವರು ಮಗಳ ಹತ್ತಿರ ಹೇಳಿ ಕಳಿಸಿದ್ದು? ಜ್ವರ ಬಂದಾಗ ಮಲಗಿಕೊ ಅಂದದ್ದು? ಆ ಎರಡು ಮಾತು ಹಿಡಿದುಕೊಂಡೇ ನಾನು ಎರಡು ವರ್ಷ ಕಳೆದಿದ್ದೆ.

ಒಲೆ ಆರಿಸಿ ಹೊರಗೆ ಹೋದೆ. ಹನ್ನೊಂದು ದಿನದ ಮೇಲೆ ನೇರವಾಗಿ ಕೇಳಿದೆ. "ನಾನು ಟಿಟ್ವಾಳಾಕ್ಕೆ ಹೋಗ್ತೇನೆ ಅಂದದ್ದು ನಿಮಗೆ ಗೊತ್ತುಂಟಾ?"

"ಇಲ್ಲ" ಎಂದರು. ತಟ್ಟೆ ಸರಿಸಿ, "ಮೊನ್ನೆ ನೀನು ತಪ್ಪಾಯ್ತು ಅಂತ ಹೇಳಿ ಕಳಿಸಿದ್ದು?"

"ನಾನಲ್ಲ."

ಇಬ್ಬರೂ ಮಗಳ ಕಡೆ ತಿರುಗಿದೆವು. ಕೆಳಗೆ ಹೋಗಿ ಆಡಿಕೊ ಎಂದೆ, ನಮಗೆ ಮಾತಾಡಲಿಕ್ಕುಂಟು. ಅವಳು ನಮ್ಮಿಬ್ಬರ ನಡುವೆ ಬಂದು ನೆಲದ ಮೇಲೆ ಕೂತುಬಿಟ್ಟಳು. ಎಂದೂ ಕನ್ನಡದಲ್ಲಿ ಉತ್ತರ ಕೊಡದ ಮಗು ಕನ್ನಡದಲ್ಲೇ ಹೇಳಿತು:

"ನಾನು ಹೋಗುದಿಲ್ಲ. ನಾನು ಹೋದ್ರೆ ನೀವು ನಿಜ ಹೇಳ್ತೀರಿ."